ಅಪ್‌ಡೇಟ್: ಕಾಣೆಯಾದ ಬಿಲ್ಲುಗಳು ಸಿಕ್ಕವು

ಹೋದ ವಾರ ಕೇಳಿದ್ದೆ. ಬಾಗಲಕೋಟೆ ನವನಗರದಲ್ಲಿ ನಮ್ಮ ಕಾಕಾ ಅವರ ಸೀರೆ ಅಂಗಡಿ ಇದೆ. ಕರೆಂಟ್ ಹೋಗಿ ಬಂದ ಮೇಲೆ ಅಲ್ಲಿನ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ಸ್ಕ್ರಿಪ್ಟ್ ಶುರುವಾಗುತ್ತದೆ, ಆದರೆ ಹಳೆಯ ಬಿಲ್ಲು ಒಂದೂ ಕಾಣುವುದಿಲ್ಲ, ಯಾಕೆ ಅಂತ.

ಕಾರಣ ಸಿಕ್ಕಿತು. ಬಿಲ್ಲುಗಳಿರುವುದು ಎರಡನೇ ಡಿಸ್ಕಿನಲ್ಲಿ. ಯಾವ ಡಿಸ್ಕನ್ನು ಯಾವ ಫೋಲ್ಡರಿಗೆ ಜೋಡಿಸಬೇಕು ಅನ್ನುವ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಅದಕ್ಕೆ 'ನೋಫೇಲ್' ಹಾಕಿದ್ದೆ. ಅದಿದ್ದರೆ ಆ ಡಿಸ್ಕ್ ಮೌಂಟ್ ಆಗಲಿ (ಫೋಲ್ಡರಿಗೆ ಜೋಡಣೆಯಾಗಲಿ) ಅಂತ ಬೂಟ್ ಕಾಯುವುದಿಲ್ಲ. ಸ್ಕ್ರಿಪ್ಟ್ ಮೊದಲೇ ಎದ್ದು, ಖಾಲಿ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಿ ಅದರಲ್ಲೇ ಬರೆಯುತ್ತಿತ್ತು. ಆಮೇಲೆ ಡಿಸ್ಕ್ ಬಂದು ಅದರ ಮೇಲೆ ಕೂತು ಅದನ್ನು ಮುಚ್ಚಿಬಿಡುತ್ತಿತ್ತು. ಡಿಸ್ಕ್ ಅನ್‌ಮೌಂಟ್ ಮಾಡಿ ನೋಡಿದರೆ ಕೆಳಗೆ ಎರಡು ದಿನದ ಬಿಲ್ಲುಗಳು! ಕಾಕಾ ಅವರ ಮುಖ ನೋಡಿ ನನಗೂ ಜೀವ ಬಂತು.

ನನ್ನ ಇನ್ನೊಂದು ತಪ್ಪು: ಸ್ಕ್ರಿಪ್ಟನ್ನು ಹೇಗೆ ಶುರು ಮಾಡಬೇಕು ಅಂತ ಹೇಳುವ ಯೂನಿಟ್ ಫೈಲಿನಲ್ಲಿ ಮೌಂಟ್‌ಗೆ 'ರಿಕ್ವೈರ್ಸ್' ಮಾತ್ರ ಬರೆದಿದ್ದೆ. ಅದು 'ಇದೂ ಬೇಕು' ಅನ್ನುತ್ತದೆ, ಅಷ್ಟೇ. 'ಇದು ಮೊದಲು ಆಗಲಿ' ಅನ್ನಲು 'ಆಫ್ಟರ್' ಬೇಕು. ಇಲ್ಲದಿದ್ದರೆ ಬೂಟ್‌ನಲ್ಲಿ ಎಲ್ಲವನ್ನೂ ಶುರು ಮಾಡುವ ಸಿಸ್ಟಮ್‌ಡಿ ಎರಡನ್ನೂ ಒಟ್ಟಿಗೇ ಶುರು ಮಾಡುತ್ತದೆ. ಅದಕ್ಕೂ ಮೊದಲು ಆ ಕೆಲಸ ಮಾಡುತ್ತಿದ್ದ ಹಳೆಯ ಇನಿಟ್‌ನಲ್ಲಿ ಎಸ್20, ಎಸ್90 ಅಂತ ನಂಬರ್ ಹಾಕಿದರೆ ಸಾಲಾಗಿ ಬರುತ್ತಿದ್ದವು, ಅಲ್ವಾ? ಆ ಅಭ್ಯಾಸ ನನ್ನಲ್ಲಿ ಉಳಿದಿತ್ತು.

ಈಗ ಎರಡರ ಬದಲು 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಅಂತ ಒಂದೇ ಸಾಲು ಬರೆದು, ಮುಂದೆ ಫೋಲ್ಡರಿನ ದಾರಿ ಕೊಟ್ಟೆ. ಅದು ಎರಡೂ ಕೆಲಸ ಮಾಡುತ್ತದೆ. ಸಿಸ್ಟಮ್‌ಡಿ ಹೊಸ ಸಾಲು ಓದಿಕೊಳ್ಳಲಿ ಅಂತ ಡೀಮನ್-ರೀಲೋಡ್ ಮಾಡಿ ನಾಲ್ಕು ಸಲ ರೀಬೂಟ್ ಮಾಡಿದೆ. ಬೂಟ್‌ನಲ್ಲಿ ಯಾವುದು ಯಾವುದಕ್ಕೆ ಕಾಯಿತು ಅಂತ ತೋರಿಸುವ, ನೀವು ಹೇಳಿದ 'ಕ್ರಿಟಿಕಲ್-ಚೈನ್' ಕಮಾಂಡಿನಲ್ಲೂ ಈಗ ಡಿಸ್ಕ್ ಮೊದಲು, ಸ್ಕ್ರಿಪ್ಟ್ ನಂತರ. ತುಂಬಾ ಉಪಕಾರವಾಯಿತು ರೀ.