ಮೈಗ್ರೇನ್ ಬರುವುದನ್ನು ಮೊದಲೇ ತಿಳಿಸುವ ನಾಯಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಬರೆಯುತ್ತಾ ಹೋದ ಹಾಗೆ ಎರಡು ಬೇಕು ಅನ್ನಿಸಿತು. ವಿಷಯ ಇದು.

ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಹೈಸ್ಕೂಲಿನ ದಿನಗಳಿಂದಲೂ ಅವಳಿಗೆ ಮೈಗ್ರೇನ್. ಈಗ ಎರಡು ವರ್ಷದಿಂದ ತರಬೇತಿ ಪಡೆದ ಒಂದು ಕಪ್ಪು ಲ್ಯಾಬ್ರಡಾರ್ ಅವಳ ಜೊತೆಗಿದೆ. ಹೋದ ತಿಂಗಳು ಅವಳು ನನ್ನ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿದ್ದಾಗ ಆ ನಾಯಿ ಎದ್ದು ಬಂತು. ಅವಳ ಮೊಣಕಾಲಿಗೆ ಮೂತಿ ಒತ್ತಿತು. ಅವಳು ಮಾತು ನಿಲ್ಲಿಸಲಿಲ್ಲ. ನಾಯಿಯೂ ಬಿಡಲಿಲ್ಲ. ಮುಂಗಾಲೆತ್ತಿ ತೊಡೆಯ ಮೇಲಿಟ್ಟು ಅವಳ ಮುಖವನ್ನೇ ನೋಡುತ್ತಾ ನಿಂತಿತು. "ಅಜ್ಜಿ, ತಲೆನೋವು ಬರ್ತದೆ ಅಂತ ಹೇಳ್ತಾ ಉಂಟು. ಮಾತ್ರೆ ತಗೊಂಡು ಮಲಗ್ತೇನೆ, ನಾಳೆ ಮಾಡ್ತೇನೆ" ಅಂದಳು. "ಅದು ಎಂತ ನಾಯಿ ಮಗಾ?" ಅಂತ ಅಮ್ಮ ಕೇಳಿದರು. "ಸರ್ವಿಸ್ ಡಾಗ್ ಅಜ್ಜಿ."

ಫೋನ್ ಇಟ್ಟ ಮೇಲೆ ಅಮ್ಮ ನನ್ನ ಕಡೆ ತಿರುಗಿದರು. "ಸರ್ವಿಸ್ ಅಂದ್ರೆ ಎಂತದು? ಕನ್ನಡದಲ್ಲಿ ಹೇಳು." ಇಡೀ ದಿನ ಅನುವಾದದ ಕೆಲಸದಲ್ಲೇ ಇರುವವಳು ನಾನು. ಬ್ರಹ್ಮಾವರದ ನಮ್ಮ ಮನೆಯ ಚಾವಡಿಯಲ್ಲಿ ಅಮ್ಮನ ಎದುರು ಕೂತು ನನಗೆ ಉತ್ತರ ಹೊಳೆಯಲಿಲ್ಲ. ಅದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ.

ಉಡುಪಿ, ಮಂಗಳೂರಿನ ಕಡೆ ಸರ್ವಿಸ್ ಅಂದರೆ ಮೊದಲು ನೆನಪಾಗುವುದು ಸರ್ವಿಸ್ ಬಸ್ಸು. ಆಮೇಲೆ ಸರ್ವಿಸಿಗೆ ಬಿಟ್ಟ ಬೈಕು. ಆಮೇಲೆ "ಬ್ಯಾಂಕಿನಲ್ಲಿ ಮೂವತ್ತು ವರ್ಷ ಸರ್ವಿಸ್" ಅನ್ನುವ ಮಾತು. ನಾಯಿ ಎಲ್ಲೂ ಬರುವುದಿಲ್ಲ. ಸರಿ, ಸೇವಾ ನಾಯಿ ಅನ್ನೋಣವೇ? ಪತ್ರಿಕೆಗಳು ಹಾಗೆ ಬರೆಯಬಹುದು. ಆದರೆ ನಮ್ಮಲ್ಲಿ ಸೇವೆ ಅಂದರೆ ದೇವರಿಗೆ ಸಲ್ಲಿಸುವುದು. ದೇವಸ್ಥಾನದ ಕೌಂಟರಿನಲ್ಲಿ ಸೇವೆಯ ರಶೀದಿ ಮಾಡಿಸುತ್ತೇವೆ, ಹರಕೆ ಹೇಳಿಕೊಂಡು ಯಕ್ಷಗಾನದ ಸೇವೆಯಾಟ ಆಡಿಸುತ್ತೇವೆ. ಸೇವಾ ನಾಯಿ ಅಂತ ನಾನು ಹೇಳಿದಾಗ ಅಮ್ಮ ಕೇಳಿದ್ದು "ಯಾವ ದೇವಸ್ಥಾನದ್ದು?" ಅಂತಲೇ.

ನಾಯಿಗೆ ಹೆಸರಿಡುವ ದಾರಿ ಕನ್ನಡಕ್ಕೆ ಹೊಸದಲ್ಲ. ಕಾವಲುನಾಯಿ, ಬೇಟೆನಾಯಿ: ಕೆಲಸದ ಹೆಸರು ಮುಂದೆ, ನಾಯಿ ಹಿಂದೆ. ಕೇಳಿದ ತಕ್ಷಣ ಅರ್ಥವಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ನಮ್ಮ ಈ ನಾಯಿಯನ್ನು ಹುಡುಕಿದರೆ ತಪ್ಪು ನಮ್ಮದೇ. ಕುರುಡರಿಗೆ ದಾರಿ ತೋರಿಸುವ ನಾಯಿಗಳಿಗಾಗಿ ಜರ್ಮನಿಯಲ್ಲಿ ಶಾಲೆ ಶುರುವಾದದ್ದೇ 1916ರಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಆ ನಾಯಿ ಬರುವ ಮೊದಲೇ ನಿಘಂಟು ಬಂದಾಗಿತ್ತು. ಪದ ನಾವೇ ಕಟ್ಟಬೇಕು.

ಕಟ್ಟುವಾಗ ಒಂದು ವಿಷಯ ಬಿಟ್ಟುಹೋಗಬಾರದು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ನಿಯಮದ ಪ್ರಕಾರ ಸರ್ವಿಸ್ ಡಾಗ್ ಅಂದರೆ ಒಬ್ಬ ಅಂಗವಿಕಲ ವ್ಯಕ್ತಿಗಾಗಿ ಗೊತ್ತಾದ ಕೆಲಸವನ್ನು ಕಲಿತ ನಾಯಿ. ನಾಯಿಯ ಕೆಲಸ ಕಣ್ಣಿಗೆ ಕಾಣದಿದ್ದರೆ ಅಂಗಡಿಯವರು, ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾ, ಇದು ಯಾವ ಕೆಲಸ ಕಲಿತಿದೆ. ಜೊತೆಗಿದ್ದು ಮನಸ್ಸಿಗೆ ಸಮಾಧಾನ ಕೊಡುವ ನಾಯಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಸಂಗಾತಿ ನಾಯಿ, ಒಡನಾಡಿ ನಾಯಿ ಅನ್ನುವಂಥವು ಚೆಂದ ಇದ್ದರೂ ತಪ್ಪು. ನಮ್ಮ ಹುಡುಗಿಯ ನಾಯಿ ಮಾತ್ರೆಯ ಚೀಲ ಕಚ್ಚಿಕೊಂಡು ಬರುತ್ತದೆ. ಗೋಡೆಯ ಸ್ವಿಚ್ಚನ್ನು ಮೂತಿಯಲ್ಲಿ ಒತ್ತಿ ಲೈಟು ಆರಿಸುತ್ತದೆ. ತಲೆ ಸಿಡಿಯುವಾಗ ಅವಳು ಏಳಬೇಕಾಗಿಲ್ಲ, ಕಣ್ಣು ಬಿಡಬೇಕಾಗಿಲ್ಲ. ಇದು ಕಲಿತ ಕೆಲಸ. ಹೆಸರಿನಲ್ಲಿ ಆ ಕೆಲಸಕ್ಕೆ ಜಾಗ ಇರಬೇಕು.

ಆಸರೆ ನಾಯಿ ಅಂತ ಯೋಚಿಸಿದೆ. ಯಾರೋ ಆಸರೆ ಕೊಟ್ಟು ಸಾಕಿದ ಬೀದಿನಾಯಿ ಅನ್ನುವ ಅರ್ಥ ಬರುತ್ತದೆ. ಸಹಾಯಕ ನಾಯಿ ಅಂದರೆ ಆಫೀಸಿನ ಹುದ್ದೆಯ ಹಾಗೆ ಕೇಳುತ್ತದೆ. ಸದ್ಯಕ್ಕೆ ನನ್ನ ಮನಸ್ಸು ನಿಂತಿರುವುದು ನೆರವುನಾಯಿ ಅನ್ನುವುದರ ಮೇಲೆ. ಕಾವಲುನಾಯಿಯ ಅಚ್ಚಿನಲ್ಲೇ ಇದೆ. ಬಾಯಲ್ಲಿ ಹೇಳುವುದೂ ಸುಲಭ.

ಆದರೆ ಇದರಲ್ಲಿ ಅರ್ಧ ಕೆಲಸವಷ್ಟೇ ಆಯಿತು. ಮೊದಲೇ ತಿಳಿಸುವುದು ಬೇರೆ ಗುಣ. ಯಾವ ತರಬೇತಿಯೂ ಇಲ್ಲದ ಮನೆನಾಯಿಗಳೂ ಅದನ್ನು ಮಾಡುತ್ತವೆ ಅನ್ನುವವರಿದ್ದಾರೆ. 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಮೈಗ್ರೇನ್ ಇರುವ, ನಾಯಿ ಸಾಕಿದ ಸಾವಿರಕ್ಕೂ ಜಾಸ್ತಿ ಜನರನ್ನು ಕೇಳಿದ್ದರು. ತಲೆನೋವಿನ ಮೊದಲು ಅಥವಾ ತಲೆನೋವಿನ ಹೊತ್ತಿಗೆ ನಾಯಿಯ ನಡವಳಿಕೆ ಬದಲಾಗುತ್ತದೆ ಅಂದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ನಾಯಿಯ ಯಜಮಾನರು ತಾವೇ ಹೇಳಿದ ಮಾತು, ಪ್ರಯೋಗಾಲಯದಲ್ಲಿ ಅಳೆದದ್ದಲ್ಲ. ಹೀಗೆ ತಾನಾಗಿಯೇ ತಿಳಿಸುವ ನಾಯಿ ನೆರವುನಾಯಿ ಅಲ್ಲದೆಯೂ ಇರಬಹುದು. ಅದಕ್ಕೇ ಎರಡನೇ ಪದ.

ಇಲ್ಲಿ ಬಹಳ ಜನ ಎಡವುತ್ತಾರೆ. ಮುನ್ನೆಚ್ಚರಿಕೆ ನಾಯಿ ಅಂತ ಬರೆದದ್ದನ್ನು ನೋಡಿದೆ. ಮುನ್ನೆಚ್ಚರಿಕೆ ಅಂದರೆ ನಾವು ಮೊದಲೇ ವಹಿಸುವ ಜಾಗ್ರತೆ, ಬೇರೆಯವರು ನಮಗೆ ಮೊದಲೇ ಹೇಳುವುದಲ್ಲ. ಮುನ್ಸೂಚನೆ ಅರ್ಥದಲ್ಲಿ ಸರಿ. ಆದರೆ ರಾತ್ರಿ ನಾಯಿ ಊಳಿಟ್ಟರೆ ಏನೋ ಕೆಟ್ಟದ್ದಾಗುತ್ತದೆ ಅಂತ ಹೆದರುವ ಹಿರಿಯರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ಮುನ್ಸೂಚನೆ ನಾಯಿ ಅಂದರೆ ಅವರಿಗೆ ಅಪಶಕುನವೇ ನೆನಪಾಗುತ್ತದೆ, ಅಲ್ವಾ? ಸುಳಿವುನಾಯಿ ಅಂದರೆ ಪೊಲೀಸರ ಶ್ವಾನದಳ ಕಣ್ಣ ಮುಂದೆ ಬರುತ್ತದೆ. ಎಚ್ಚರಿಸುವ ನಾಯಿ ಅಂದರೆ ಮಲಗಿದವರನ್ನು ಎಬ್ಬಿಸುವ ನಾಯಿ ಅಂತಲೂ ಆಗುತ್ತದೆ.

ತುಳುವಿನಲ್ಲಿ ಯೋಚಿಸಿದಾಗ ಗಂಟು ಸಡಿಲವಾಯಿತು. ತರೆಬೇನೆ ತೆರಿಪಾವುನ ನಾಯಿ. ಮೀನು ತರುವ ಅಕ್ಕನಿಗೆ ಇಷ್ಟು ಹೇಳಿದೆ, ಮತ್ತೇನೂ ವಿವರಿಸಬೇಕಾಗಲಿಲ್ಲ. ತೆರಿಪಾವುನಿ ಅಂದರೆ ತಿಳಿಸುವುದು. ಅದರಲ್ಲಿ ಶಕುನವೂ ಇಲ್ಲ, ಪೊಲೀಸೂ ಇಲ್ಲ. ಹಾಗಾದರೆ ಕನ್ನಡದಲ್ಲಿ ಸುಮ್ನೆ ತಿಳಿಸುನಾಯಿ ಅನ್ನಬಹುದೇ? ಕ್ರಿಯಾಪದಕ್ಕೆ ನಾಮಪದ ಸೇರಿಸಿದ ಬೀಸುಗಲ್ಲು, ಸುಡುಗಾಡು ಇರುವ ಭಾಷೆಯಲ್ಲಿ ವ್ಯಾಕರಣ ಅಡ್ಡ ಬರುವುದಿಲ್ಲ. ಕಿವಿಗೆ ಒಗ್ಗುತ್ತದೆಯೇ ಅನ್ನುವುದಷ್ಟೇ ನನ್ನ ಅಳುಕು.

ಮೈಗ್ರೇನಿಗೂ ಒಂದು ಮಾತು. ಅರೆತಲೆನೋವು ಅನ್ನುವ ಪದ ಹಳೆಯದು, ಹಿನ್ನೆಲೆಯೂ ಗಟ್ಟಿ. ಗ್ರೀಕ್ ಮೂಲದಲ್ಲಿ ಅರ್ಧ ತಲೆಬುರುಡೆ ಅನ್ನುವ ಅರ್ಥವಿದೆ. ಆಯುರ್ವೇದದಲ್ಲಿ ಅರ್ಧಾವಭೇದಕ, ಅರ್ಧ ತಲೆಯನ್ನು ಸೀಳುವುದು. ಆದರೂ ನಾನು ಇದನ್ನು ಬಳಸುವುದು ಬಿಟ್ಟಿದ್ದೇನೆ. ಕನ್ನಡದ ಕಿವಿಗೆ ಅರೆ ಅಂದರೆ ಪೂರ್ತಿ ಆಗದ್ದು: ಅರೆನಿದ್ದೆ, ಅರೆಮನಸ್ಸು, ಅರೆಬೆಂದ ಅನ್ನ. ನನಗೂ ಮೈಗ್ರೇನ್ ಇದೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ರಜೆಯ ಅರ್ಜಿಯಲ್ಲಿ ಅರೆತಲೆನೋವು ಅಂತ ಬರೆದೆ. "ಅರೆ ತಾನೇ, ಮಧ್ಯಾಹ್ನ ಬನ್ನಿ" ಅಂದರು. ಹೋಗಿ ಕೂತು ಬಕೆಟಿಗೆ ವಾಂತಿ ಮಾಡಿಕೊಂಡೆ. ಮೈಗ್ರೇನ್ ತಲೆನೋವು ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರಬಹುದು. ಕೆಲವರಿಗೆ ಎರಡೂ ಬದಿ ನೋಯುತ್ತದೆ. ಹಾಗಾಗಿ ಮೈಗ್ರೇನ್ ಅಂತಲೇ ಇರಲಿ, ಅದು ಈಗ ನಮ್ಮದೇ ಪದ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮೈಗ್ರೇನ್ ಇಲ್ಲ. ಸದ್ಯಕ್ಕೆ ಈ ಪದಗಳನ್ನು ಅರ್ಜಿ ಫಾರಂಗಳಲ್ಲಿ ಯಾರೂ ಕೇಳುವುದಿಲ್ಲ. ಮನೆಯಲ್ಲಿ ಅಜ್ಜಿ ಮೊಮ್ಮಗಳು ಆಡಿಕೊಳ್ಳಲು ಬೇಕು. ಅದಕ್ಕೆ ಮನೆಮಾತಿನ ಪದವೇ ಆಗಬೇಕು ಅಂತ ಇಷ್ಟು ಹಟ ಮಾಡುತ್ತಿದ್ದೇನೆ.

ಕೊನೆಗೆ ನನ್ನ ಮುಖ್ಯ ಪ್ರಶ್ನೆ. ತಲೆನೋವು ಶುರುವಾಗುವ ಮುಂಚೆ, ಕೆಲವೊಮ್ಮೆ ಹಿಂದಿನ ದಿನವೇ, ಮೇಲಿಂದ ಮೇಲೆ ಆಕಳಿಕೆ ಬರುತ್ತದೆ. ಕುತ್ತಿಗೆ ಬಿಗಿಯುತ್ತದೆ, ಸಿಹಿ ಬೇಕೆನ್ನಿಸುತ್ತದೆ, ಸಣ್ಣದಕ್ಕೂ ರೇಗುತ್ತದೆ. ನಾಯಿಗೆ ಗೊತ್ತಾಗುವುದು ಬಹುಶಃ ಈ ಹೊತ್ತಿನಲ್ಲೇ. ವೈದ್ಯರು ಪೂರ್ವಲಕ್ಷಣ ಅನ್ನುತ್ತಾರೆ. ನಮ್ಮಮ್ಮ ಮಾತ್ರ ನಾನು ಎರಡು ಸಲ ಆಕಳಿಸಿದರೆ ಸಾಕು, "ನಿನ್ನ ತಲೆಗೆ ಮೋಡ ಕಟ್ಟಿದೆ, ಹೋಗಿ ಮಲಗು" ಅನ್ನುತ್ತಾರೆ. ಅಮ್ಮನ ತವರು ಬಾರ್ಕೂರು. ಇದು ಅಮ್ಮ ತಾನೇ ಕಟ್ಟಿದ ಮಾತೋ, ಆ ಕಡೆಯ ಬಳಕೆಯೋ? ಕೋಟ, ಕುಂದಾಪುರ, ಬಾರ್ಕೂರಿನವರು, ಹವ್ಯಕ ಕನ್ನಡದವರು, ಕೊಂಕಣಿಯವರು ದಯವಿಟ್ಟು ಹೇಳಿ: ತಲೆನೋವು ಬರುವ ಮೊದಲಿನ ಆ ಸ್ಥಿತಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಹೇಳಿದವರು ಯಾರು, ಯಾವ ಊರಿನವರು ಅಂತಲೂ ಬರೆದರೆ ಉಪಕಾರ.