ಸಹಾಯ ಬೇಕು: ರೋಮರ್ ಸಿದ್ಧಾಂತಕ್ಕೆ ನಮ್ಮ ಕಡೆಯ ಉದಾಹರಣೆ

ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ಈಗ ಅಂತರ್ಜನ್ಯ ಬೆಳವಣಿಗೆ ಸಿದ್ಧಾಂತದ, ಅಂದರೆ ಬೆಳವಣಿಗೆಗೆ ಕಾರಣ ಅರ್ಥವ್ಯವಸ್ಥೆಯ ಒಳಗೇ ಇದೆ ಎನ್ನುವ ಸಿದ್ಧಾಂತದ, ಇತಿಹಾಸ ಶುರು ಮಾಡಬೇಕು.

1956ರಲ್ಲಿ ಅರ್ಥಶಾಸ್ತ್ರಜ್ಞ ಸೋಲೋ, ತಂತ್ರಜ್ಞಾನ ಅರ್ಥವ್ಯವಸ್ಥೆಯ ಹೊರಗಿನಿಂದ ಬರುತ್ತದೆ ಎಂದಿಟ್ಟುಕೊಂಡರು. 1962ರಲ್ಲಿ ಆ್ಯರೋ, ಕೆಲಸ ಮಾಡುತ್ತಲೇ ಜ್ಞಾನ ಬೆಳೆಯುತ್ತದೆ ಎಂದರು. 1988ರಲ್ಲಿ ಲ್ಯೂಕಸ್ ಜನರ ಕಲಿಕೆ, ಕೌಶಲ್ಯಕ್ಕೆ ಒತ್ತು ಕೊಟ್ಟರು. ಇಲ್ಲಿವರೆಗೆ ಮಕ್ಕಳಿಗೆ ತಿಳಿಯುತ್ತದೆ.

ಕಷ್ಟ ಇರುವುದು ಪಾಲ್ ರೋಮರ್ ಅವರ 1990ರ ಲೇಖನದಲ್ಲಿ. ಐಡಿಯಾವನ್ನು ಎಷ್ಟು ಜನ ಬಳಸಿದರೂ ಖರ್ಚಾಗುವುದಿಲ್ಲ. ಆದರೆ ಬೇರೆಯವರು ಬಳಸದಂತೆ ಸ್ವಲ್ಪ ಮಟ್ಟಿಗೆ ತಡೆಯಬಹುದು. ಆ ತಡೆಯಿಂದ ಬರುವ ಲಾಭಕ್ಕಾಗಿಯೇ ಕಂಪನಿಗಳು ಸಂಶೋಧನೆಗೆ ದುಡ್ಡು ಹಾಕುತ್ತವೆ. ಸಿದ್ಧಾಂತದ ಜೀವಾಳವೇ ಇದು. ಸುಮ್ನೆ ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ.

ಹೈಬ್ರಿಡ್ ಹತ್ತಿ ಬೀಜದ ಉದಾಹರಣೆ ಕೊಡೋಣ ಅನಿಸಿದೆ. ತಳಿಯ ಜ್ಞಾನ ಖರ್ಚಾಗುವುದಿಲ್ಲ, ಆದರೂ ಬೆಳೆದ ಬೀಜವನ್ನೇ ಮತ್ತೆ ಬಿತ್ತಿದರೆ ಅದೇ ಇಳುವರಿ ಬರದ ಕಾರಣ ರೈತರು ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕು. ಆದರೆ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿ ತಳಿ ಬಂದಿದ್ದು ಸರ್ಕಾರಿ ಸಂಶೋಧನೆಯಿಂದ, ಲಾಭದ ಆಸೆಯಿಂದಲ್ಲ ಅಲ್ವಾ? ಹಾಗಾದರೆ ರೋಮರ್ ಮಾದರಿಗೆ ಅದು ಹೊಂದುತ್ತದಾ?

ರಾಣೆಬೆನ್ನೂರು ಕಡೆ ಬೀಜದ ವ್ಯವಹಾರದಲ್ಲಿರುವವರು, ಧಾರವಾಡದ ಅರ್ಥಶಾಸ್ತ್ರ ಮೇಷ್ಟ್ರುಗಳು ದಯವಿಟ್ಟು ಹೇಳಿ. ಕನ್ನಡದಲ್ಲಿ ಟಿಪ್ಪಣಿ ಇದ್ದರೆ ಹಂಚಿಕೊಳ್ಳಿ. ಮಕ್ಕಳಿಗೆ ತುಂಬಾ ಉಪಕಾರವಾಗುತ್ತದೆ.