ನಾಯಿಕೆಮ್ಮು ಯಾರಿಂದ ಬಂತು ಅಂತ ಡಿಎನ್‌ಎ ನೋಡಿ ಹೇಳಬಹುದಾ?

ಪ್ರಶ್ನೆ (ಗಂಗಾವತಿ): ನಮ್ಮ ಓಣ್ಯಾಗ ಎರಡು ಹುಡುಗ್ರಿಗೆ ನಾಯಿಕೆಮ್ಮು ಅಂತ ಪಿಸಿಆರ್‌ನ್ಯಾಗ ಬಂದೈತಿ. ಸಿಂಧನೂರಿನ ಮದುವಿಗೆ ಹೋಗಿ ಬಂದವರೇ ಹಚ್ಚಿದ್ರು ಅಂತ ಓಣಿ ತುಂಬಾ ಜಗಳ. ಬೆರಳಚ್ಚು ನೋಡಿದಂಗ ರೋಗಾಣುವಿನ ಡಿಎನ್‌ಎ ನೋಡಿ ತೀರ್ಮಾನ ಮಾಡಬಹುದಾ ಡಾಕ್ಟ್ರೇ?

ಉತ್ತರ (ಮೈಕ್ರೋಬಯಾಲಜಿಸ್ಟ್, ಬಳ್ಳಾರಿ): ಅರ್ಧ ಮಾತ್ರ. ಇಬ್ಬರ ರೋಗಾಣು ಬೇರೆ ಬೇರೆ ಅಂತ ಬಂದ್ರೆ, ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬಿಲ್ಲ ಅಂತ ಹೇಳಬಹುದು. ಒಂದೇ ಅಂತ ಬಂದ್ರೆ ಯಾರ ತಪ್ಪೂ ಸಾಬೀತಾಗಲ್ಲ. ನಾಯಿಕೆಮ್ಮಿನ ರೋಗಾಣು ಬೋರ್ಡೆಟೆಲ್ಲಾ ಪರ್ಟುಸಿಸ್‌ನ ಜೀನೋಮ್‌ನಲ್ಲಿ (ಅದರ ಪೂರ್ತಿ ಡಿಎನ್‌ಎಯಲ್ಲಿ) ಸುಮಾರು 41 ಲಕ್ಷ ಅಕ್ಷರ ಇವೆ, ಬದಲಾಗೋದು ವರ್ಷಕ್ಕೆ ಹೆಚ್ಚೂಕಡಿಮೆ ಒಂದು. ಹಿಂದಿನ ತಿಂಗಳ ಮದುವೆಯ ಗುರುತು ಅದರಲ್ಲಿ ಎಲ್ಲಿಂದ ಸಿಗಬೇಕು?

ರೋಗಾಣುಗಳ ಡಿಎನ್‌ಎ ಹೋಲಿಸೋ ಹಳೇ ವಿಧಾನ ಪಿಎಫ್‌ಜಿಇ: ಎಕ್ಸ್‌ಬಿಎ-1 ಅನ್ನೋ ಕಿಣ್ವದಿಂದ ಡಿಎನ್‌ಎ ಕತ್ತರಿಸಿ, ಜೆಲ್‌ನಲ್ಲಿ ಕರೆಂಟಿನ ದಿಕ್ಕು ಬದಲಿಸ್ತಾ ಓಡಿಸಿ, ಪಟ್ಟಿಗಳನ್ನ ಹೋಲಿಸೋದು. 2012ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಾಯಿಕೆಮ್ಮು ಹಬ್ಬಿದಾಗ ಹೀಗೆ 240 ಮಾದರಿ ನೋಡಿದ್ರು, 31 ಬಗೆ ಸಿಕ್ಕವು. ಒಂದೇ ಮೂಲದಿಂದ ಹಬ್ಬಿದ್ದಲ್ಲ ಅಂತ ಗೊತ್ತಾಯ್ತು. ಈ ಪರೀಕ್ಷೆಯ ನಿಜವಾದ ಉಪಯೋಗ ಇದು, ಓಣಿ ಪಂಚಾಯ್ತಿ ಅಲ್ಲ.

ಪ್ರಶ್ನೆ: ಪಿಸಿಆರ್ ರಿಪೋರ್ಟ್ ಕೈಯಾಗ ಐತಲ್ಲ, ಅದರಾಗ ಗೊತ್ತಾಗಂಗಿಲ್ಲೇನು?

ಉತ್ತರ: ಇಲ್ಲ. ಪಿಸಿಆರ್ ಸಾಮಾನ್ಯವಾಗಿ ಹುಡುಕೋದು ಐಎಸ್481 ಅನ್ನೋ ತುಣುಕು. ಒಂದೊಂದು ರೋಗಾಣುವಿನಲ್ಲೂ ಅದು 200ಕ್ಕಿಂತ ಹೆಚ್ಚು ಸಲ ಇರುತ್ತೆ, ಅದಕ್ಕೇ ಚೂರು ಇದ್ರೂ ಸಿಕ್ಕಿಬೀಳುತ್ತೆ. ಆದ್ರೆ ಎಲ್ಲಾ ತಳಿಗಳಲ್ಲೂ ಅದೇ ತುಣುಕು. ಪಿಎಫ್‌ಜಿಇಗೆ ಜೀವಂತ ರೋಗಾಣು ಬೆಳೆಸಬೇಕು: ಮೂಗಿನ ಹಿಂಭಾಗದಿಂದ ಸ್ವ್ಯಾಬ್ (ಹತ್ತಿ ಬೇಡ, ಹತ್ತಿಯಲ್ಲೇ ಅದು ಸಾಯುತ್ತೆ), ಕೆಮ್ಮು ಶುರುವಾದ ಎರಡು ವಾರದೊಳಗೆ, ಆಂಟಿಬಯೋಟಿಕ್‌ಗೆ ಮುಂಚೆ. ಪ್ಲೇಟಿನ ಮೇಲೆ ಪಾದರಸದ ಹನಿಯಂಥ ಸಣ್ಣ ಕಾಲೊನಿ (ಬೆಳೆದ ರೋಗಾಣುಗಳ ಗುಂಪು) ಕಾಣೋಕೆ ಮೂರ್ನಾಲ್ಕು ದಿನ, ಕೆಲವೊಮ್ಮೆ ವಾರ. ನಿಮ್ಮ ಮಕ್ಕಳಿಗೆ ಔಷಧ ಶುರುವಾಗಿರುತ್ತೆ, ಈಗ ಬೆಳೆಯೋದು ಕಷ್ಟ.

ಜಗಳ ಬಿಡಿಸೋಕೆ ತಾರೀಖು ನೋಡಿ. ಸೋಂಕು ತಗುಲಿ ಕೆಮ್ಮು ಬರೋಕೆ ಸಾಮಾನ್ಯವಾಗಿ 7–10 ದಿನ ಬೇಕು. ಮದುವೆಯಾಗಿ ಎರಡೇ ದಿನಕ್ಕೆ ಕೆಮ್ಮು ಶುರುವಾಗಿದ್ರೆ ಆ ಮದುವೆ ಕಾರಣವಲ್ಲ. ವಾರಗಟ್ಟಲೆ ಕೆಮ್ಮಿಕೊಂಡೇ ಓಡಾಡೋ ದೊಡ್ಡವರನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಅದು ಬೇರೆ ಮಾತು.

ಪ್ರಶ್ನೆ (ಅದೇ ಓಣಿಯ ಇನ್ನೊಬ್ಬರು): ನಮ್ಮ ಮನ್ಯಾಗ ಒಂದು ತಿಂಗಳ ಕೂಸೈತ್ರಿ.

ಉತ್ತರ: ನಾಯಿಕೆಮ್ಮೂ ಸೇರಿ ಐದು ರೋಗ ತಡೆಯೋ ಪೆಂಟಾವ್ಯಾಲೆಂಟ್ ಲಸಿಕೆಯ ಮೊದಲ ಡೋಸ್ ಆರು ವಾರಕ್ಕೆ, ಹಾಗಾಗಿ ಕೂಸಿಗೆ ಲಸಿಕೆಯ ರಕ್ಷಣೆ ಇನ್ನೂ ಇಲ್ಲ. ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ, ಮನೆಮಂದಿಗೂ ಅಜಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಬೇಕಾ ಅಂತ ಕೇಳಿ. ಇಷ್ಟು ಸಣ್ಣ ಕೂಸು ಕೆಮ್ಮದೇನೇ ಉಸಿರು ನಿಲ್ಲಿಸಬಹುದು. ಮೈ ನೀಲಿಗಟ್ಟಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ.